ದಾವಣಗೆರೆ ಸೀಲು ಒತ್ತಿದ ಪತ್ರ ನಂಬಿ ಡ್ರೋನ್ ಒಯ್ದು ನಾನು ಕೆಟ್ಟೆ

ವಿದೇಶ ಪ್ರವಾಸ ಹೋಗೋರು, ಅದರಲ್ಲೂ ನನ್ನ ಹಾಗೆ ಡ್ರೋನ್ ಹುಚ್ಚು ಇರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ. ಈಜಿಪ್ಟಿಂದ ಬಂದು ಮೂರು ವಾರ ಯಾರಿಗೂ ಹೇಳದೆ ಬಾಯಿ ಮುಚ್ಕೊಂಡಿದ್ದೆ. ಮೊನ್ನೆ ಮಂಡಿಪೇಟೆಯಲ್ಲಿರೋ ನಮ್ಮ ಅಂಗಡಿಗೆ ವೈರ್ ತಗೊಳ್ಳೋಕೆ ಬಂದ ಹುಡುಗ ಒಬ್ಬ, "ಅಂಕಲ್, ಮಾರ್ಚಿಗೆ ಈಜಿಪ್ಟ್ ಬುಕ್ ಮಾಡಿದೀನಿ, ಡ್ರೋನೂ ಒಯ್ತೀನಿ, ಟ್ರಾವೆಲ್ಸ್‌ನೋರೇ ಪರ್ಮಿಷನ್ ಮಾಡಿಸಿ ಕೊಡ್ತಾರಂತೆ" ಅಂದ. ಯಾವ ಟ್ರಾವೆಲ್ಸ್ ಅಂದೆ. ಅದೇ. ನನ್ನನ್ನ ಕಳಿಸಿದ ಅವನೇ. ಆಗ ತಡ್ಕೊಳ್ಳೋಕೆ ಆಗಲಿಲ್ಲ.

ನನ್ನದು ಡಿಜೆಐ ಮಿನಿ 2. 2021ರಲ್ಲಿ ಬೆಂಗಳೂರಿನ ಎಸ್.ಪಿ. ರೋಡಲ್ಲಿ ತಗೊಂಡಿದ್ದು. ಬಿಲ್ ಕೇಳಿದ್ದಕ್ಕೆ "ಜಿಎಸ್‌ಟಿ ಹಾಕಿದ್ರೆ ಜಾಸ್ತಿ ಆಗುತ್ತೆ ಸಾರ್" ಅಂದ, ನಾನೂ ಹೂಂ ಅಂದೆ. ಒಂದು ಬಿಳಿ ಚೀಟಿ ಮೇಲೆ ಮಾಡೆಲ್ ಹೆಸರು, ದುಡ್ಡು, ಒಂದು ಗೀಟು. ಸೀರಿಯಲ್ ನಂಬರ್ ಇಲ್ಲ. ಈ ಚೀಟಿ ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ. ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಹತ್ರ, ಕೊಂಡಜ್ಜಿ ಹತ್ರ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸೂಳೆಕೆರೆ, ಇಷ್ಟೇ ನನ್ನ ಹಾರಾಟ. ಮನೇಲಿ ಇದನ್ನ "ಗುಂಗಿ ಹುಳ" ಅಂತಾರೆ.

ಹೋದ ವರ್ಷ ನಾವಿಬ್ಬರೂ ಈಜಿಪ್ಟ್ ಹೋಗೋದು ಅಂತಾಯ್ತು. ಟ್ರಾವೆಲ್ಸ್‌ನವನು ನಮ್ಮೂರಿನವನೇ, ಹೆಸರು ಹಾಕಲ್ಲ. ಅವನ ಜಾಹೀರಾತು ವಿಡಿಯೋದಲ್ಲಿ ಪಿರಮಿಡ್ ಮೇಲಿಂದ ಡ್ರೋನ್ ಹಾಗೇ ಇಳಿದು ಬರುತ್ತೆ, ಹಿಂದೆ ವೀಣೆ ಸಂಗೀತ. ನಾನು ಬಿದ್ದಿದ್ದೇ ಅದಕ್ಕೆ. ನಂದೂ ಒಯ್ಯಬಹುದಾ ಅಂತ ಒಂದ್ಸಲ ಅಲ್ಲ, ನಾಲ್ಕು ಸಲ ಕೇಳಿದೀನಿ. ನಾಲ್ಕು ಸಲವೂ ಒಂದೇ ಉತ್ತರ: "ಅಣ್ಣಾ, 250 ಗ್ರಾಂ ಒಳಗೆ ಐತಲ್ಲ? ಅದು ಲೆಕ್ಕಕ್ಕೇ ಇಲ್ಲ. ಆಟದ ಸಾಮಾನು."

ಹಂಗಂದ್ರೂ ಒಂದು "ಪರ್ಮಿಷನ್ ಲೆಟರ್" ಇದ್ರೆ ಒಳ್ಳೇದು, 6,500 ರೂಪಾಯಿ ಆಗುತ್ತೆ ಅಂದ. ಲೆಕ್ಕಕ್ಕೇ ಇಲ್ಲದ ಸಾಮಾನಿಗೆ ಪರ್ಮಿಷನ್ ಯಾಕೆ ಅಂತ ಆಗ ಹೊಳೀಲಿಲ್ಲ ನೋಡಿ. ಇಪ್ಪತ್ತೆರಡು ವರ್ಷ ವ್ಯಾಪಾರ ಮಾಡಿದೋನಿಗೆ ಹೊಳೀಲಿಲ್ಲ. ಫೋನ್‌ಪೇ ಮಾಡಿದೆ. ಎರಡು ದಿನ ಬಿಟ್ಟು ದಪ್ಪ ಕಾಗದದ ಮೇಲೆ ಇಂಗ್ಲಿಷಲ್ಲಿ ಟೈಪ್ ಮಾಡಿದ ಪತ್ರ ಬಂತು. ಕೆಳಗೆ ಸಹಿ, ಸಹಿ ಮೇಲೆ ನೇರಳೆ ಬಣ್ಣದ ದುಂಡು ಸೀಲು. ನಾನು ಅದನ್ನ ಲ್ಯಾಮಿನೇಷನ್ ಮಾಡಿಸಿದೆ. ಹೌದು, ಲ್ಯಾಮಿನೇಷನ್ ಮಾಡಿಸಿದೆ.

ಮೊದಲ ಏಟು ಬೆಂಗಳೂರಲ್ಲೇ ಬಿತ್ತು. "ಕೈ ಬ್ಯಾಗಲ್ಲಿ ಇಟ್ರೆ ಸುಮ್ನೆ ಕೇಳ್ತಾರೆ, ಬ್ಯಾಟ್ರಿ ಗೀಟ್ರಿ ಎಲ್ಲಾ ದೊಡ್ಡ ಬ್ಯಾಗಿಗೆ ಹಾಕ್ರಿ" ಅಂದಿದ್ದ. ಚೆಕ್ ಇನ್ ಆಗಿ ಕಾಫಿ ಕುಡಿಯೋಕೆ ಕೂತಿದ್ದೆ, ನನ್ನ ಹೆಸರು ಕೂಗಿದ್ರು. ಬಿಡಿ ಲಿಥಿಯಂ ಬ್ಯಾಟರಿ ಲಗೇಜಲ್ಲಿ ಹಾಕೋ ಹಾಗೇ ಇಲ್ಲ, ಕೈ ಬ್ಯಾಗಲ್ಲೇ ಇರಬೇಕು. ನನ್ನವು ಒಂದೊಂದೂ 17 ವ್ಯಾಟ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ಹಿಡಿಯುತ್ತೆ ಅನ್ನೋ ಅಳತೆ) ಚಿಲ್ಲರೆ, 100 ವ್ಯಾಟ್ ಅವರ್ ತನಕ ಕೈ ಬ್ಯಾಗಿಗೆ ತಕರಾರೇ ಇಲ್ಲ. ಸೀದಾ ಕೈಯಲ್ಲಿ ಹಿಡ್ಕೊಂಡು ಹೋಗಿದ್ರೆ ಮುಗೀತಿತ್ತು. ಬದಲಿಗೆ ಬ್ಯಾಗ್ ಬಿಚ್ಚಿ, ಖಾರ ಮಂಡಕ್ಕಿ ಪೊಟ್ಟಣ, ಶೇಂಗಾ ಚಟ್ನಿಪುಡಿ, ಬನಿಯನ್ನು ಎಲ್ಲಾ ಈಚೆ ತೆಗೆದು ಬ್ಯಾಟರಿ ಹುಡುಕಿ ಕೊಟ್ಟೆ. ಆ ಗಡಿಬಿಡಿಯಲ್ಲಿ ಕಸ್ಟಮ್ಸ್ ಅಂತ ಒಂದು ಕೌಂಟರ್ ಇರುತ್ತೆ, ಹೋಗೋವಾಗಲೂ ಅಲ್ಲಿ ಒಂದು ಕೆಲಸ ಇರುತ್ತೆ ಅನ್ನೋದು ನನಗೆ ಗೊತ್ತೇ ಇರಲಿಲ್ಲ. ಗೊತ್ತಿರಬೇಕಾದೋನು ಹೇಳಲೂ ಇಲ್ಲ.

ಕೈರೋದಲ್ಲಿ ಇಳಿದ್ವಿ. ಲಗೇಜ್ ತಗೊಂಡು ಹೊರಗೆ ಹೋಗೋ ದಾರಿಯಲ್ಲಿ ಇನ್ನೊಂದು ಎಕ್ಸ್‌ರೇ. ನಮ್ಮ ಗುಂಪಿನ ಇಪ್ಪತ್ನಾಲ್ಕು ಜನರಲ್ಲಿ ಇಪ್ಪತ್ಮೂರು ಜನ ದಾಟಿದ್ರು. ನನ್ನ ಬ್ಯಾಗ್ ನಿಂತಿತು. ಪರದೆ ನೋಡ್ತಿದ್ದೋನು ಒಂದೇ ಮಾತು ಅಂದ: "ಡ್ರೋನ್." ಆ ಪದ ಎಲ್ಲ ಭಾಷೆಯಲ್ಲೂ ಒಂದೇ ಅಂತ ಅವತ್ತು ಗೊತ್ತಾಯ್ತು.

ನನಗೆ ಭಯ ಇರಲಿಲ್ಲ. ಲ್ಯಾಮಿನೇಷನ್ ಇತ್ತಲ್ಲ. ಹೆಮ್ಮೆಯಿಂದಲೇ ತೆಗೆದು ಕೊಟ್ಟೆ. ಅಧಿಕಾರಿ ಓದಿದ. ತಿರುಗಿಸಿ ಹಿಂದೆ ನೋಡಿದ. ಮತ್ತೆ ಓದಿದ. ಆಮೇಲೆ ಸೀಲಿನ ಮೇಲೆ ಬೆರಳಿಟ್ಟು ನಮ್ಮ ಗೈಡ್‌ಗೆ ಏನೋ ಕೇಳಿದ. ಗೈಡ್ ನನಗೆ ಇಂಗ್ಲಿಷಲ್ಲಿ ಕೇಳಿದ, "ಇದು ನಿಮ್ಮ ದೇಶದ ಯಾವ ಇಲಾಖೆ?" ನಾನು ಆಗ ಮೊದಲ ಸಲ ಆ ಸೀಲನ್ನ ಸರಿಯಾಗಿ ಓದಿದೆ. ದುಂಡಗೆ ಸುತ್ತಲೂ ಅವನ ಟ್ರಾವೆಲ್ಸ್ ಹೆಸರು. ನಡುವೆ "ದಾವಣಗೆರೆ - 577002".

ಅಷ್ಟೆ. ಯಾವ ಇಲಾಖೆಯೂ ಅಲ್ಲ. ಇವನೇ ಟೈಪ್ ಮಾಡಿ, ಇವನೇ ಸಹಿ ಹಾಕಿ, ಇವನದೇ ಅಂಗಡಿ ಸೀಲು ಒತ್ತಿ, 249 ಗ್ರಾಂ ಇದೆ ದಯವಿಟ್ಟು ಬಿಡಿ ಅಂತ ಈಜಿಪ್ಟ್ ಸರ್ಕಾರಕ್ಕೆ ಬರೆದಿದ್ದ. ಅದಕ್ಕೆ 6,500. ಅಧಿಕಾರಿ ನಗಲಿಲ್ಲ, ಬೈಯಲೂ ಇಲ್ಲ. ನಕ್ಕಿದ್ರೆ ವಾಸಿ ಇತ್ತು. ಪತ್ರವನ್ನ ಎರಡೂ ಕೈಯಲ್ಲಿ ಹಿಡಿದು ವಾಪಸ್ ಕೊಟ್ಟ, ಆಹ್ವಾನ ಪತ್ರಿಕೆ ಕೊಟ್ಟ ಹಾಗೆ.

ಗೈಡ್ ಹೇಳಿದ್ದು ಕೇಳಿ: ಆ ದೇಶದಲ್ಲಿ 2017ರ 216ನೇ ಕಾಯ್ದೆ ಅಂತ ಇದೆ. ರಕ್ಷಣಾ ಸಚಿವಾಲಯದ ಅನುಮತಿ ಇಲ್ಲದೆ ಡ್ರೋನ್ ತರೋದು, ಇಟ್ಕೊಳ್ಳೋದು, ಹಾರಿಸೋದು ಯಾವುದೂ ಇಲ್ಲ. ಜೈಲೂ ಇದೆ. ತೂಕದ ಮಾತೇ ಇಲ್ಲ. ಈ 250 ಗ್ರಾಂ ಅನ್ನೋದು ನಮ್ಮ ದೇಶದ್ದು, 2021ರ ಡ್ರೋನ್ ನಿಯಮದ್ದು. 250 ಗ್ರಾಂ ತನಕ ನ್ಯಾನೋ, ಅದನ್ನ ಹಾರಿಸೋಕೆ ಪೈಲಟ್ ಲೈಸೆನ್ಸ್ ಬೇಡ, ಅಷ್ಟಕ್ಕೆ ಸಂಬಂಧಿಸಿದ್ದು. ಹಾರಿಸೋ ನಿಯಮ ಬೇರೆ, ಗಡಿ ದಾಟಿಸೋ ನಿಯಮ ಬೇರೆ. ಇಷ್ಟು ತಿಳೀಲಿಲ್ಲ ನನಗೆ.

ಡ್ರೋನ್ ಇಟ್ಕೊಂಡು ಅರಬ್ಬಿಯಲ್ಲಿ ಬರೆದ ಒಂದು ಚೀಟಿ ಕೊಟ್ರು, ವಾಪಸ್ ಹೋಗೋವಾಗ ತಗೊಳ್ಳಿ ಅಂತ. ಅಲ್ಲಿಂದಲೇ ಊರಿಗೆ ಫೋನ್ ಮಾಡಿದೆ. ಅವನ ಉತ್ತರ ಇದ್ದದ್ದು ಇದ್ದ ಹಾಗೆ ಹಾಕ್ತೀನಿ:

"ಅಣ್ಣಾ, ನೀವು ಸ್ವಲ್ಪ ನಕ್ಕೊಂಡು ಮಾತಾಡ್ಬೇಕಿತ್ತು."

ನಕ್ಕೊಂಡು! ಪತ್ರದ ಕಥೆ ಏನಪ್ಪಾ ಅಂದೆ. "ಅದು ಸಪೋರ್ಟಿಂಗ್ ಡಾಕ್ಯುಮೆಂಟ್ ಅಣ್ಣಾ. ಸಪೋರ್ಟ್‌ಗೆ ಕೊಡೋದು. ಪರ್ಮಿಷನ್ನೇ ಅಂತ ನಾನು ಎಲ್ಲಿ ಹೇಳಿದೆ?" ಮತ್ತೆ ನಿನ್ನ ವಿಡಿಯೋದಲ್ಲಿ ಪಿರಮಿಡ್ ಮೇಲೆ ಡ್ರೋನ್ ಹಾರಿಸಿದ್ದು ಯಾರು ಅಂದೆ. ಒಂದು ಗಳಿಗೆ ಸುಮ್ಮನಾದ. "ಅದು ನೆಟ್ಟಲ್ಲಿ ಇಳಿಸ್ಕೊಂಡಿದ್ದು ಅಣ್ಣಾ. ಮ್ಯೂಸಿಕ್ ನಮ್ದು."

ಮ್ಯೂಸಿಕ್ ನಮ್ದು ಅಂತೆ.

ಆಮೇಲಿನ ಎಂಟು ದಿನ ನಾನು ಏನು ನೋಡಿದೆ ಅಂತ ಕೇಳಬೇಡಿ. ಗೀಜಾದಲ್ಲಿ ಎಲ್ಲರೂ ಒಂಟೆ ಹತ್ತಿದ್ರು, ನಾನು ಚೀಟಿ ನೋಡ್ತಾ ನಿಂತಿದ್ದೆ. ಅದರಲ್ಲಿ ಇದ್ದ ನಂಬರನ್ನ ಫೋನಲ್ಲಿ ಬರೆದಿಟ್ಕೊಂಡಿದ್ದೆ, ಅದೂ ತಪ್ಪು. ಅವರ ಐದು ನಮ್ಮ ಸೊನ್ನೆ ಥರ ಇರುತ್ತೆ, ಅವರ ಸೊನ್ನೆ ಬರೀ ಚುಕ್ಕಿ. ಐದನ್ನೆಲ್ಲ ಸೊನ್ನೆ ಅಂತ ಓದಿ, ಸೊನ್ನೆಗಳನ್ನ ಇಂಕಿನ ಕಲೆ ಅಂತ ಬಿಟ್ಟಿದ್ದೆ. ವಾಪಸ್ ಬರೋ ದಿನ ಲಕ್ಸರ್‌ನಿಂದ ಕೈರೋಗೆ ಬಂದು ಇನ್ನೊಂದು ವಿಮಾನ ಹಿಡೀಬೇಕು, ನಡುವೆ ಮೂರೂವರೆ ಗಂಟೆ. ಇಳಿದದ್ದು ಒಂದು ಟರ್ಮಿನಲ್, ನನ್ನ ಡ್ರೋನ್ ಇದ್ದದ್ದು ಇನ್ನೊಂದು ಟರ್ಮಿನಲ್. ಹೆಂಡತಿಯನ್ನ ಲಗೇಜ್ ಕಾಯೋಕೆ ಕೂರಿಸಿ ಓಡಿದೆ. ಪುಣ್ಯಕ್ಕೆ ಗೈಡ್ ಜೊತೆಗೆ ಬಂದ. ಗೋದಾಮಿನ ಬಾಡಿಗೆ ಕಟ್ಟಿ, ಮೂರು ಕಡೆ ಸಹಿ ಹಾಕಿ, ಗುಂಗಿ ಹುಳ ಕೈಗೆ ಬಂತು. ಬೆವರಿನಲ್ಲಿ ತೊಯ್ದು ಓಡಿ ಬಂದ್ರೆ ನಮ್ಮಾಕೆ ಅಂದದ್ದು, "ಇದರ ಬದ್ಲು ಒಂದು ಬಂಗಾರದ ಓಲೆ ಬರ್ತಿತ್ತು."

ಇಲ್ಲಿಗೆ ಮುಗೀತು ಅಂದ್ಕೊಂಡ್ರಾ? ನಾನೂ ಹಂಗೇ ಅಂದ್ಕೊಂಡಿದ್ದೆ.

ವಿಮಾನ ಹತ್ತೋಕೆ ಮುಂಚೆ ಅವನಿಗೆ ಮೆಸೇಜ್ ಹಾಕಿದೆ, ಬೆಂಗಳೂರಲ್ಲಿ ಇದನ್ನ ಹೇಳಬೇಕಾ ಅಂತ. (ಇಷ್ಟಾದ ಮೇಲೂ ಅವನನ್ನೇ ಕೇಳಿದ್ನಲ್ಲ, ಇದಕ್ಕೆ ಏನನ್ನಬೇಕೋ ನೀವೇ ಅನ್ನಿ.) ವಾಯ್ಸ್ ಮೆಸೇಜ್ ಬಂತು: "ನಿಮ್ದೇ ಸಾಮಾನು ನಿಮ್ಮೂರಿಗೆ ತರ್ತಿದೀರ, ಯಾರ್ ಕೇಳ್ತಾರೆ? ಗ್ರೀನ್ ಚಾನೆಲ್‌ನಾಗೆ ಸುಮ್ನೆ ನಡ್ಕೊಂಡು ಬರ್ರಿ."

(ಕಸ್ಟಮ್ಸ್‌ಗೆ ಹೇಳಬೇಕಾದ್ದು ಏನೂ ಇಲ್ಲ ಅನ್ನೋರ ದಾರಿ ಗ್ರೀನ್ ಚಾನೆಲ್, ಇದೆ ಅನ್ನೋರದು ರೆಡ್ ಚಾನೆಲ್.) ಸುಮ್ನೆ ನಡ್ಕೊಂಡು ಬಂದೆ. ನಿಲ್ಲಿಸಿದ್ರು.

ಅಲ್ಲಿದ್ದ ಅಧಿಕಾರಿ ಕನ್ನಡದೋರೇ. ಸಮಾಧಾನವಾಗಿಯೇ ಕೇಳಿದ್ರು, ಡ್ರೋನ್ ಘೋಷಣೆ ಮಾಡಬೇಕಾದ ವಸ್ತುಗಳ ಪಟ್ಟಿಯಲ್ಲೇ ಇದೆ, ಯಾಕೆ ರೆಡ್ ಚಾನೆಲ್‌ಗೆ ಬರಲಿಲ್ಲ ಅಂತ. ಇದು ನಂದೇ ಸಾರ್, ಇಲ್ಲಿಂದಲೇ ಒಯ್ದದ್ದು ಅಂದೆ. "ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಎಲ್ಲಿ?" ಅದೇನು ಅಂದೆ. ಬೆಲೆಬಾಳೋ ಸಾಮಾನು ಒಯ್ಯೋರು ಹೋಗೋವಾಗಲೇ ಕಸ್ಟಮ್ಸ್‌ನೋರಿಗೆ ತೋರಿಸಿ, ಸೀರಿಯಲ್ ನಂಬರ್ ಬರೆಸಿ ತಗೊಳ್ಳೋ ಕಾಗದ ಅದು. ವಾಪಸ್ ಬಂದಾಗ ಹಳೇದೇ, ಹೊಸದಾಗಿ ಕೊಂಡು ತಂದದ್ದಲ್ಲ ಅನ್ನೋಕೆ ಅದೇ ಸಾಕ್ಷಿ. ನಾನು ಆ ಹೊತ್ತಲ್ಲಿ ಚಟ್ನಿಪುಡಿ ಈಚೆ ತೆಗೀತಿದ್ದೆ.

ಬಿಲ್ ಕೇಳಿದ್ರು. ಎಸ್.ಪಿ. ರೋಡ್ ಬಿಳಿ ಚೀಟಿಯ ಫೋಟೋ ತೋರಿಸಿದೆ. "ಇದು ಬಿಲ್ ಅಲ್ಲ, ಚೀಟಿ" ಅಂದ್ರು. ಫೋನಲ್ಲಿ ಕುಂದುವಾಡ ಕೆರೆ ವಿಡಿಯೋ ತೋರಿಸಿದೆ, ಕೊಂಡಜ್ಜಿ ತೋರಿಸಿದೆ, ಸೂಳೆಕೆರೆ ತೋರಿಸಿದೆ. "ಚೆನ್ನಾಗಿ ತೆಗೆದಿದೀರಿ. ಆದ್ರೆ ಈ ಡ್ರೋನೇ ತೆಗೆದದ್ದು ಅಂತ ಕಾಗದ ಬೇಕಲ್ಲ" ಅಂದ್ರು. 2022ರ ಫೆಬ್ರುವರಿ 9ರಿಂದ ಹೊರದೇಶದ ಇಡೀ ಡ್ರೋನ್ ತರೋದೇ ನಿಷೇಧ. ಸಂಶೋಧನೆ, ರಕ್ಷಣೆ, ಭದ್ರತೆ ಇಂಥದ್ದಕ್ಕೆ ಅನುಮತಿ ತಗೊಂಡು ತರಬಹುದು, ಬಿಡಿ ಭಾಗ ತರಿಸಬಹುದು. ನನ್ನಂಥೋನು ಚೀಲದಲ್ಲಿ ಇಡೀದು ತರೋ ಹಾಗಿಲ್ಲ. ಅಂದ್ರೆ ಸುಂಕ ಕಟ್ತೀನಿ ಬಿಡಿ ಅಂದ್ರೂ ನಡೆಯೋ ಮಾತಲ್ಲ.

ಹೊಟ್ಟೆ ಉರಿದದ್ದು ಇದಕ್ಕೆ: ನಾನೇ ರೆಡ್ ಚಾನೆಲ್‌ಗೆ ಹೋಗಿ ನಿಜ ಹೇಳಿದ್ದರೆ, ಕಸ್ಟಮ್ಸ್ ಕಾಯ್ದೆಯ 80ನೇ ಸೆಕ್ಷನ್ ಪ್ರಕಾರ, ಇಲ್ಲೇ ಇಟ್ಕೊಂಡಿರಿ, ಮುಂದೆ ದೇಶ ಬಿಡೋವಾಗ ಒಯ್ತೀನಿ ಅಂತಾದ್ರೂ ಕೇಳ್ಕೋಬಹುದಿತ್ತು. ನಿಜ ಘೋಷಣೆ ಮಾಡಿದೋರಿಗೆ ಆ ದಾರಿ. ಸುಮ್ನೆ ನಡ್ಕೊಂಡು ಬಂದೋನಿಗೆ ಅಲ್ಲ. ಡ್ರೋನ್ ಹಿಡಿದಿಟ್ಟು ರಸೀದಿ ಕೊಟ್ರು. ಒಂದೇ ಪ್ರವಾಸ, ಒಂದೇ ಡ್ರೋನ್, ಎರಡು ದೇಶದ ಗೋದಾಮು, ಎರಡು ರಸೀದಿ. ಹೊರಗೆ ಬಸ್ಸಲ್ಲಿ ಇಪ್ಪತ್ಮೂರು ಜನ ನನಗೋಸ್ಕರ ಒಂದೂಕಾಲು ಗಂಟೆ ಕಾದಿದ್ರು. ತುಮಕೂರು ದಾಟೋ ತನಕ ಯಾರೂ ಮಾತಾಡಲಿಲ್ಲ. ಹಿರಿಯೂರಲ್ಲಿ ಊಟಕ್ಕೆ ನಿಲ್ಲಿಸಿದಾಗ ಒಬ್ಬರು ಹಿರಿಯರು ಬಂದು, "ಅದು ಎಷ್ಟು ಗ್ರಾಂ ಅಂದ್ರಿ?" ಅಂದ್ರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಏನ್ ಮಾಡೋದು.

ಊರಿಗೆ ಬಂದ ಮಾರನೇ ದಿನ ಅವನ ಆಫೀಸಿಗೆ ಹೋದೆ. ಕೂರಿಸಿ ಟೀ ತರಿಸಿದ. ನಾನು ಜೋರು ಮಾಡಿದೆ, ಸುಳ್ಳು ಹೇಳಲ್ಲ. 6,500 ವಾಪಸ್ ಕೊಡು ಅಂದೆ. ಬುಕಿಂಗ್ ಫಾರಂ ತಿರುಗಿಸಿ, ಹಿಂಬದಿಯ ಇರುವೆ ಸಾಲಿನಂಥ ಅಕ್ಷರ ತೋರಿಸಿದ. ಪ್ರಯಾಣಿಕರ ಸ್ವಂತ ವಸ್ತುಗಳಿಗೆ ಸಂಸ್ಥೆ ಹೊಣೆಯಲ್ಲ. ರಸೀದಿಯಲ್ಲಿ 6,500ರ ಮುಂದೆ "ಹೆಚ್ಚುವರಿ ಸೇವೆ" ಅಂತ ಇದೆ, ಡ್ರೋನ್ ಅನ್ನೋ ಪದವೇ ಇಲ್ಲ. ಆಮೇಲೆ ಅವನು ಅಂದ ಮಾತು ನನಗೆ ರಾತ್ರಿ ನಿದ್ದೆ ಕೊಡ್ತಿಲ್ಲ: "ಅಣ್ಣಾ, ನೀವು ಓದಿದೋರು, ಅಂಗಡಿ ನಡೆಸೋರು. ನಾನು ಹೇಳಿದೆ ಅಂತ ನಂಬೋದಾ?"

ಇದಕ್ಕೆ ನನ್ನ ಹತ್ರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಟೀ ಕುಡೀದೆ ಎದ್ದು ಬಂದೆ, ಅಷ್ಟೇ ನನ್ನ ಪೌರುಷ.

ಒಯ್ಯಲೇಬೇಕು ಅನ್ನೋರಿಗೆ: ಹೋಗೋ ದೇಶದ ವಿಮಾನಯಾನ ಇಲಾಖೆ, ಕಸ್ಟಮ್ಸ್ ಏನು ಹೇಳುತ್ತೆ ಅಂತ ನೀವೇ ಓದಿ, ಟ್ರಾವೆಲ್ಸ್‌ನೋರನ್ನ ಕೇಳಬೇಡಿ. ಮೊರಾಕ್ಕೋದಲ್ಲೂ ಹೀಗೇ ಹಿಡೀತಾರೆ. ಪಕ್ಕದ ನೇಪಾಳ, ಭೂತಾನ್, ಶ್ರೀಲಂಕಾಗೂ ಮುಂಚೆ ಅನುಮತಿ ಬೇಕು. ಪಕ್ಕಾ ಬಿಲ್ ಇಲ್ಲದಿದ್ರೆ ಡ್ರೋನನ್ನ ಮನೆಯಿಂದ ಈಚೆ ಒಯ್ಯಬೇಡಿ. ಹೋಗೋವಾಗಲೇ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್, ಬರೋವಾಗ ರೆಡ್ ಚಾನೆಲ್. ಮತ್ತೆ ಯಾರಾದ್ರೂ ಲೆಟರ್ ಕೊಟ್ರೆ ಮೊದಲು ಸೀಲು ಓದಿ. ಲ್ಯಾಮಿನೇಷನ್ ಆಮೇಲೆ.

ನನ್ನ ಡ್ರೋನ್ ಇನ್ನೂ ಬೆಂಗಳೂರಲ್ಲೇ ಇದೆ. ಆ ಎಸ್.ಪಿ. ರೋಡ್ ಅಂಗಡಿ ಹುಡುಕ್ಕೊಂಡು ಹೋಗಿದ್ದೆ, ಅಲ್ಲೀಗ ಮೊಬೈಲ್ ಕವರ್ ಮಾರ್ತಾರೆ.

ಇವತ್ತು ಬೆಳಿಗ್ಗೆ ಟ್ರಾವೆಲ್ಸ್‌ನವನ ಸ್ಟೇಟಸ್‌ನಲ್ಲಿ ಮಾರ್ಚ್ ಟೂರಿನ ಜಾಹೀರಾತು ಬಂದಿದೆ. ಅದೇ ಪಿರಮಿಡ್, ಅದೇ ವೀಣೆ. ಕೆಳಗೆ ಹೊಸದಾಗಿ ಒಂದು ಸಾಲು: "ಡ್ರೋನ್ ಪ್ರಿಯರಿಗೆ ವಿಶೇಷ ವ್ಯವಸ್ಥೆ ಇದೆ." ನನ್ನ ನಂಬರ್ ಬ್ಲಾಕ್ ಮಾಡಿದಾನೆ. ನಮ್ಮಾಕೆ ನಂಬರ್ ಮರೆತಿದಾನೆ, ಅದರಲ್ಲೇ ನೋಡಿದ್ದು.