ಸಫ್ರಾನಿನ್ ಕೆಂಪೋ, ಟೊಲುಯಿಡಿನ್ ನೀಲಿಯೋ

ಧಾರವಾಡದ ಸಪ್ತಾಪುರದಲ್ಲಿ ಪಿಯುಸಿ ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುತ್ತೇನೆ. ಕಾಂಡದ ಅಂಗಾಂಶ ತೋರಿಸಲು ಹದಿನೈದು ವರ್ಷ ಸಫ್ರಾನಿನ್ ಬಿಟ್ಟು ಬೇರೆ ಬಣ್ಣ ಮುಟ್ಟಿರಲಿಲ್ಲ. ಈ ಮಳೆಗಾಲದಲ್ಲಿ ಟೊಲುಯಿಡಿನ್ ಬ್ಲೂ ತರಿಸಿದೆ. ಹಾವೇರಿಯಿಂದ ಬರುವ ಹುಡುಗನೊಬ್ಬ ಗೋವಿನಜೋಳದ ದಂಟು ತಂದ, ಗದಗಿನವಳು ಸೂರ್ಯಕಾಂತಿಯ ಎಳೆ ಕಾಂಡ. ಸೂಕ್ಷ್ಮದರ್ಶಕದಲ್ಲಿ ನೋಡಲೆಂದು ಒಂದೇ ಕಾಂಡದ ತೆಳು ಬಿಲ್ಲೆಗಳನ್ನು ಎರಡು ಬಣ್ಣದ ಎರಡು ಬಟ್ಟಲಿಗೆ ಹಂಚಿದೆವು.

ಬ್ಲೇಡು ಒದ್ದೆಯಾಗಿರಬೇಕು, ಒತ್ತದೆ ತನ್ನ ಕಡೆಗೆ ಎಳೆಯಬೇಕು. ಹತ್ತು ಬಿಲ್ಲೆ ಕೊಯ್ದರೆ ಒಂದು ದಕ್ಕುತ್ತದೆ. ಓರೆಯಾಗಿ ಬಂದದ್ದನ್ನೂ ಎಸೆಯಬೇಡಿ. ಅದರ ತೆಳು ಅಂಚಿನಲ್ಲಿಯೇ ಎಷ್ಟೋ ಸಲ ಚೆನ್ನಾಗಿ ಕಾಣುತ್ತದೆ.

ಗೋವಿನಜೋಳಕ್ಕೆ ಸಫ್ರಾನಿನ್ ಸಾಕು. ಲಿಗ್ನಿನ್ ಎಂಬ ಗಡಸು ವಸ್ತು ಇರುವ ಜೀವಕೋಶದ ಗೋಡೆಗಳು ಕೆಂಪೇರಿ, ಚದುರಿದ ಒಂದೊಂದು ನಾಳಕೂರ್ಚವೂ (ನೀರು, ಆಹಾರ ಸಾಗಿಸುವ ನಾಳಗಳ ಕಟ್ಟು) ಕೋತಿಯ ಮುಖದಂತೆ ಎದ್ದು ನಿಲ್ಲುತ್ತದೆ: ಎರಡು ದೊಡ್ಡ ನಾಳಗಳೇ ಕಣ್ಣು, ಕೆಳಗಿನ ಪೊಳ್ಳು ಬಾಯಿ. ತೊಂದರೆ ಇರುವುದು ಸೂರ್ಯಕಾಂತಿಯಲ್ಲಿ. ನೀರು ಸಾಗಿಸುವ ಕ್ಸೈಲಂ ಕೆಂಪು, ಹೊರಗಿನ ನಾರಿನ ಟೋಪಿ ಕೆಂಪು, ನಡುವೆ ಆಹಾರ ಸಾಗಿಸುವ ಫ್ಲೋಯಂ ಮತ್ತು ಹೊಸ ಕೋಶ ಹುಟ್ಟಿಸುವ ಕೇಂಬಿಯಂ ಬರೀ ಮಬ್ಬು. ಮಕ್ಕಳು ಕಂಡದ್ದನ್ನು ಬಿಟ್ಟು ಪುಸ್ತಕದ ಚಿತ್ರವನ್ನೇ ಬರೆಯುತ್ತಾರೆ. ಫಾಸ್ಟ್ ಗ್ರೀನ್ ಎಂಬ ಹಸಿರು ಬಣ್ಣ ಸೇರಿಸಬಹುದು ನಿಜ, ಆದರೆ ಆ ಆಲ್ಕೋಹಾಲ್, ಲವಂಗದೆಣ್ಣೆಯ ಸ್ನಾನಗಳಲ್ಲಿ ಅರ್ಧ ತರಗತಿ ಕಳೆಯುತ್ತದೆ.

ಟೊಲುಯಿಡಿನ್ ನೀಲಿಗೆ ಶೇ 0.05ರ ದ್ರಾವಣ, ಒಂದು ನಿಮಿಷ, ನೀರಿನಲ್ಲಿ ಜಾಲಾಡಿಸುವುದು, ಅಷ್ಟೇ. ಲಿಗ್ನಿನ್ ಇದ್ದಲ್ಲಿ ಹಸಿರು ಬೆರೆತ ನೀಲಿ, ಕೋಶಗಳನ್ನು ಅಂಟಿಸುವ ಪೆಕ್ಟಿನ್ ಇದ್ದಲ್ಲಿ ನೇರಳೆ-ಗುಲಾಬಿ. ಒಂದೇ ಬಣ್ಣದ ಎರಡು ಮುಖ. ಸಸ್ಯದ ಗೋಡೆಗಳ ಮೇಲೆ ಇದರ ಈ ಗುಣವನ್ನು ವಿವರಿಸಿದ ಪ್ರಬಂಧ 1964ರದು. ನಮ್ಮ ಬೋಧನೆಗೆ ಅದು ತಲುಪಲು ಇಷ್ಟು ಕಾಲ ಬೇಕಾಯಿತೇ ಎಂದು ನನಗೇ ನಾಚಿಕೆಯಾಯಿತು. ಸೂರ್ಯಕಾಂತಿಯ ಹೊರಚರ್ಮದ ಕೆಳಗೆ ಕೋಶಗಳ ಮೂಲೆ ದಪ್ಪಗಾದ ಆಧಾರ ಅಂಗಾಂಶ ಕೋಲಂಕೈಮ ಗುಲಾಬಿಗೆ ತಿರುಗಿತು. ಗೋವಿನಜೋಳದಲ್ಲಿ ಅದೇ ಜಾಗ ಲಿಗ್ನಿನ್ ತುಂಬಿದ ಗಡಸು ಅಂಗಾಂಶ ಸ್ಕ್ಲೀರಂಕೈಮದ ಹಸಿರು-ನೀಲಿ. ದ್ವಿದಳ ಯಾವುದು, ಏಕದಳ ಯಾವುದು ಎಂದು ಮಕ್ಕಳು ಅಂಚು ನೋಡಿಯೇ ಹೇಳಿಬಿಟ್ಟರು.

ಕಾಯ್ದಿಡುವ ವಿಷಯದಲ್ಲಿ ಮಾತ್ರ ನೀಲಿ ಸೋತಿತು. ಒಳ್ಳೆಯ ಬಿಲ್ಲೆಯೊಂದನ್ನು ಶಾಶ್ವತ ಸ್ಲೈಡ್ ಮಾಡಹೋಗಿ ಆಲ್ಕೋಹಾಲಿಗೆ ಇಳಿಸಿದೆ. ಬಣ್ಣವೆಲ್ಲ ಬಟ್ಟಲಿಗೆ ಇಳಿಯಿತು. ನಾನು ಓದುವಾಗ ಮಾಡಿದ ಸಫ್ರಾನಿನ್ ಸ್ಲೈಡ್ ಇಂದಿಗೂ ಕುಂಕುಮದಂತಿದೆ. ಹಾಗಾಗಿ ಇಟ್ಟುಕೊಳ್ಳುವುದಕ್ಕೆ ಕೆಂಪು, ನೋಡುವುದಕ್ಕೆ ನೀಲಿ ಎಂದು ಗೊತ್ತುಮಾಡಿಕೊಂಡಿದ್ದೇನೆ.

ಕೊನೆಗೆ ಹಿತ್ತಲಿನ ಕುಂಬಳದ ಬಳ್ಳಿಯನ್ನೂ ಕೊಯ್ದೆ. ಅದರಲ್ಲಿ ಕ್ಸೈಲಂನ ಒಳಗೂ ಹೊರಗೂ ಫ್ಲೋಯಂ ಇದೆ ಎಂದು ಹದಿನೈದು ವರ್ಷ ಬಾಯಲ್ಲಿ ಹೇಳಿದ್ದೆ. ಎರಡು ನೇರಳೆ ತೇಪೆಗಳಾಗಿ ಅದು ಕಣ್ಣಿಗೆ ಬಿದ್ದದ್ದು ಮೊನ್ನೆ.