ಅಡಿಕೆ ಬೆಳೆಗಾರರ ಗುಂಪು: ವಾಟ್ಸಾಪ್, ಟೆಲಿಗ್ರಾಂ, ಡಿಸ್ಕೋರ್ಸ್ ಮೂರರಲ್ಲೂ ನಡೆಸಿ ನೋಡಿದೆ

ಮಳೆ ಹಿಡಿಯುವ ಹೊತ್ತಿಗೆ ನಮ್ಮ ಗುಂಪಿನಲ್ಲಿ ಪ್ರತಿ ವರ್ಷ ಒಂದೇ ಪ್ರಶ್ನೆ. "ಕೊಳೆಗೆ ಬೋರ್ಡೋ ಅಳತೆ ಎಷ್ಟು?" ಕೊಳೆ ಅಂದರೆ ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ರೋಗ, ಬೋರ್ಡೋ ಅದಕ್ಕೆ ಹೊಡೆಯುವ ದ್ರಾವಣ. ಉತ್ತರವೂ ಒಂದೇ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಿ. ಹೊಳೆಯುವ ಕತ್ತಿಯನ್ನು ಅದ್ದಿ ನೋಡಿ, ಅಲಗಿನ ಮೇಲೆ ಕೆಂಪು ಕೂತರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ಇದನ್ನು ನಾನು ಎಷ್ಟು ಸಲ ಟೈಪ್ ಮಾಡಿದ್ದೇನೋ ಲೆಕ್ಕವಿಲ್ಲ. ಗುಂಪನ್ನು ಬೇರೆ ಕಡೆ ಸಾಗಿಸಿ ನೋಡುವ ಹುಚ್ಚು ಹತ್ತಿದ್ದು ಇದರಿಂದಲೇ.

ಶುರು ಮಾಡಿದ್ದು ವಾಟ್ಸಾಪಿನಲ್ಲಿ. ಆಗ ಒಂದು ಗುಂಪಿಗೆ 256 ಜನರ ಮಿತಿ ಇತ್ತು. ಅದು ತುಂಬಿ ಎರಡನೇ ಗುಂಪು ಮಾಡಿದೆವು. ಎರಡನೆಯದರಲ್ಲಿ ಇದ್ದವರಿಗೆ ತಮ್ಮನ್ನು ಹಿಂದಿನ ಬೆಂಚಿಗೆ ಕೂರಿಸಿದ ಹಾಗೆ ಬೇಜಾರು! 2022ರಲ್ಲಿ ಮಿತಿ 1024ಕ್ಕೆ ಏರಿದ ಮೇಲೆ ಆ ರಗಳೆ ಮುಗಿಯಿತು. ವಾಟ್ಸಾಪಿನ ದೊಡ್ಡ ಗುಣ ಏನೆಂದರೆ ಎಲ್ಲರೂ ಅಲ್ಲೇ ಇದ್ದಾರೆ. ತೋಟದಲ್ಲಿ ನಿಂತು ಚುಕ್ಕಿ ಬಿದ್ದ ಎಲೆಯ ಫೋಟೋ ತೆಗೆದು, ಎರಡು ಮಾತು ವಾಯ್ಸ್ ಕಳಿಸಿದರೆ ಹತ್ತು ನಿಮಿಷದಲ್ಲಿ ನಾಲ್ಕು ಉತ್ತರ. ತೊಂದರೆ ಶುರುವಾಗುವುದು ಆಮೇಲೆ. ಆ ನಾಲ್ಕೂ ವಾಯ್ಸೇ ಆಗಿದ್ದರೆ ಮುಂದಿನ ವರ್ಷ ಹುಡುಕಿದರೂ ಸಿಗುವುದಿಲ್ಲ. ಆಗೆಲ್ಲ ಹೊಸದಾಗಿ ಸೇರಿದವರಿಗೆ ಹಳೆಯ ಮಾತು ಒಂದೂ ಕಾಣುತ್ತಿರಲಿಲ್ಲ. ಹಾಗಾಗಿ ಪಾಪ, ಅವರು ಕೇಳಿದ್ದನ್ನೇ ಕೇಳುವುದು ಅವರ ತಪ್ಪಲ್ಲ.

ಅಡ್ಮಿನ್ ಕೆಲಸ ಅಂತೂ ವಾಟ್ಸಾಪಿನಲ್ಲಿ ನೆಂಟಸ್ತಿಕೆಗೇ ಕುತ್ತು. 2023ರ ಮೇ ತಿಂಗಳ ವಿಧಾನಸಭೆ ಚುನಾವಣೆ ಹೊತ್ತಿಗೆ ಅಡಿಕೆ ಗುಂಪಿನಲ್ಲಿ ಅಡಿಕೆ ಬಿಟ್ಟು ಉಳಿದೆಲ್ಲ ಇತ್ತು. ಎರಡು ಸಲ ಹೇಳಿ, ಮೂರನೇ ಸಲಕ್ಕೆ ಒಬ್ಬರನ್ನು ತೆಗೆದೆ. ಮುಂದಿನ ವಾರವೇ ಒಂದು ಮದುವೆ ಊಟದಲ್ಲಿ ಅವರು ನನ್ನ ಎದುರಿನ ಪಂಕ್ತಿಗೇ ಬರಬೇಕಾ? "ಎಂತಕ್ಕೆ ತೆಗ್ದು ಹಾಕಿದ್ಯೋ ಮಾರಾಯ, ನಾನೇನು ಕಳ್ಳನಾ?" ಬಡಿಸುತ್ತಿದ್ದವರೂ ನಿಂತು ಕೇಳಿದರು. ಸಮಸ್ಯೆ ಏನೆಂದರೆ ಅಲ್ಲಿ ನಡುವಿನ ದಾರಿ ಇಲ್ಲ. ಒಬ್ಬರನ್ನು ಎರಡು ದಿನ ಸುಮ್ಮನಿರಿಸಲು ಆಗುವುದಿಲ್ಲ. ಒಂದೋ ಅವರನ್ನು ತೆಗೆಯಬೇಕು, ಇಲ್ಲವೇ ಅಡ್ಮಿನ್ ಮಾತ್ರ ಬರೆಯುವ ಹಾಗೆ ಮಾಡಿ ಎಲ್ಲರ ಬಾಯನ್ನೂ ಕಟ್ಟಬೇಕು.

ಟೆಲಿಗ್ರಾಂ ಈ ವಿಷಯದಲ್ಲಿ ಬಹಳ ಮೇಲು. ಒಬ್ಬರಿಗೆ ಮಾತ್ರ ಒಂದು ದಿನ, ಒಂದು ವಾರ ಬರೆಯಲು ಆಗದ ಹಾಗೆ ಮಾಡಬಹುದು. ಜಗಳ ಕಾವೇರಿದಾಗ ಸ್ಲೋ ಮೋಡ್ ಹಾಕಿದರೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಕೆಲವು ಸೆಕೆಂಡಿನಿಂದ ಒಂದು ಗಂಟೆವರೆಗೆ ಕಾಯಬೇಕು, ಅಷ್ಟರಲ್ಲಿ ಅರ್ಧ ಜನರಿಗೆ ಸಿಟ್ಟು ಇಳಿದಿರುತ್ತದೆ. ಫೋನ್ ನಂಬರ್ ಮುಚ್ಚಿಡಬಹುದು, ನಮ್ಮ ಗುಂಪಿನ ಹೆಂಗಸರು ಬಾಯಿ ಬಿಟ್ಟು ಪ್ರಶ್ನೆ ಕೇಳಲು ಶುರು ಮಾಡಿದ್ದೇ ಅಲ್ಲಿ. ಹಳೆಯದೆಲ್ಲ ಹೊಸಬರಿಗೂ ಕಾಣುತ್ತದೆ. ಕೊಳೆ, ಎಲೆಚುಕ್ಕಿ, ದರ ಅಂತ ವಿಷಯಕ್ಕೊಂದು ಕೋಣೆಯನ್ನೂ ಮಾಡಿದೆ. ಆದರೆ ಜನ ದರದ ಕೋಣೆ ಒಂದರಲ್ಲೇ ಕೂತರು. ಇನ್ನೂರು ಜನ ಸೇರಿದ್ದರಲ್ಲಿ ಮಾತಾಡುತ್ತಿದ್ದವರು ಮೂವತ್ತು ಇರಬಹುದು. ಉಳಿದವರು "ಇನ್ನೊಂದು ಆ್ಯಪ್ ಯಾಕೆ" ಅಂತ ವಾಪಸ್ ವಾಟ್ಸಾಪಿಗೇ ಹೋದರು. ಸಾಲದ್ದಕ್ಕೆ ಗುರುತಿಲ್ಲದ ಖಾತೆಗಳು ಬಂದು ಷೇರು ಮಾರ್ಕೆಟ್ ಟಿಪ್ಸ್ ಸುರಿಯುತ್ತಿದ್ದವು. ದಿನಾ ಬೆಳಗ್ಗೆ ಕಸ ಗುಡಿಸಿದ ಹಾಗೆ ಅವನ್ನು ಗುಡಿಸುವುದೇ ಒಂದು ಕೆಲಸ.

ಡಿಸ್ಕೋರ್ಸ್ ಅಂದರೆ ನಮ್ಮದೇ ಚರ್ಚಾ ತಾಣ ನಡೆಸಲು ಬೇಕಾದ ಸಾಫ್ಟ್‌ವೇರ್. ನನಗೆ ಅತಿ ಇಷ್ಟವಾದದ್ದು ಅದೇ, ಅತಿ ಕಡಿಮೆ ಜನ ಬಂದದ್ದೂ ಅಲ್ಲಿಗೇ. ಸಾಫ್ಟ್‌ವೇರ್ ಪುಕ್ಕಟೆ, ಸರ್ವರ್ ಬಾಡಿಗೆ ನಮ್ಮದು. ಹಾಕಿಕೊಳ್ಳಲು ನನಗೆ ಎರಡು ರಾತ್ರಿ ಬೇಕಾಯಿತು, ಅದರಲ್ಲಿ ಒಂದೂವರೆ ರಾತ್ರಿ ಈಮೇಲ್ ಸರಿಯಾಗಿ ಹೋಗುವ ಹಾಗೆ ಮಾಡುವುದಕ್ಕೇ. ಅಷ್ಟಾದರೂ ಖಾತೆ ತೆರೆಯುವ ಈಮೇಲ್ ಅರ್ಧ ಜನರಿಗೆ ಸ್ಪ್ಯಾಮಿಗೆ ಬಿತ್ತು. ಇನ್ನು ಕೆಲವರಿಗೆ ತಮ್ಮ ಈಮೇಲ್ ಯಾವುದು ಅಂತಲೇ ಗೊತ್ತಿಲ್ಲ, ಫೋನ್ ಕೊಡಿಸಿದ ಮಗ ಮಾಡಿಕೊಟ್ಟದ್ದು, ಅವನು ಬೆಂಗಳೂರಲ್ಲಿ.

ಅಲ್ಲಿ ಪ್ರತಿ ಸದಸ್ಯರಿಗೂ ಸೊನ್ನೆಯಿಂದ ನಾಲ್ಕರವರೆಗೆ ಒಂದು ನಂಬಿಕೆಯ ಮಟ್ಟ ಇರುತ್ತದೆ. ಹೊಸಬರು ಕನಿಷ್ಠ ಐದು ಚರ್ಚೆ ತೆರೆದು, 30 ಬರಹ ಓದಿ, ಹತ್ತು ನಿಮಿಷ ಕಳೆದ ಮೇಲೆ ಒಂದನೇ ಮಟ್ಟಕ್ಕೆ ತಾನಾಗೇ ಏರುತ್ತಾರೆ. ಸ್ಪ್ಯಾಮ್ ಹಾಕುವವನಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು? ಆದರೆ ಇದೇ ನಿಯಮ ನಮ್ಮವರಿಗೂ ಹೊಡೆಯಿತು. ಹೊಸಬರು ಒಂದು ಬರಹದಲ್ಲಿ ಒಂದೇ ಚಿತ್ರ ಹಾಕಬೇಕು ಅಂತ ಅದು ತಡೆಯುತ್ತದೆ. ಎಲೆಯ ಮೇಲ್ಬದಿ, ಕೆಳಬದಿ, ಗೊನೆ, ಇಡೀ ಮರ ಅಂತ ನಾಲ್ಕು ಫೋಟೋ ಹಿಡಿದು ಬಂದ ಮನುಷ್ಯ ಅದನ್ನು ನೋಡಿ ಹೋದವರು ಮತ್ತೆ ಬರಲೇ ಇಲ್ಲ. ಸೆಟ್ಟಿಂಗಿನಲ್ಲಿ ಆ ಸಂಖ್ಯೆ ಬದಲಾಯಿಸಬಹುದು ಅಂತ ನನಗೆ ಗೊತ್ತಾಗುವಷ್ಟರಲ್ಲಿ ಮಳೆಗಾಲ ಮುಗಿದಿತ್ತು.

ಈಗ ಕೇಳುವುದು ವಾಟ್ಸಾಪಿನಲ್ಲಿ, ಕೂಡಿಡುವುದು ಡಿಸ್ಕೋರ್ಸಿನಲ್ಲಿ. ಒಳ್ಳೆಯ ಉತ್ತರ ಬಂದಾಗ ನಾವು ಐದಾರು ಜನ ಅದನ್ನು ಅಲ್ಲಿ ಬರೆದಿಡುತ್ತೇವೆ. ಓದಲು ಖಾತೆ ಬೇಡ, ಗೂಗಲ್‌ನಲ್ಲೂ ಸಿಗುತ್ತದೆ. ಟೆಲಿಗ್ರಾಂ ಗುಂಪನ್ನು ನಾನೇ ಮುಚ್ಚಿದೆ, ಸ್ಲೋ ಮೋಡ್ ಒಂದನ್ನು ಬಿಟ್ಟು ಬಂದದ್ದಕ್ಕೆ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಸಲ ಮಳೆ ಶುರುವಾದಾಗ ಒಬ್ಬರು ಹಿರಿಯರು ಮತ್ತೆ ಅಳತೆ ಕೇಳಿದರು. ಫೋಟೋ ಸಮೇತ ಬರೆದಿಟ್ಟಿದ್ದ ಪುಟದ ಲಿಂಕ್ ಕಳಿಸಿದೆ. ಎರಡು ನಿಮಿಷ ಬಿಟ್ಟು ವಾಯ್ಸ್ ಬಂತು: "ಕನ್ನಡಕ ಮನೇಲಿದೆ ಮಾರಾಯ, ನಾನು ತೋಟದಲ್ಲಿದ್ದೀನಿ. ಸುಣ್ಣ ಎಷ್ಟು ಅಂತ ಬಾಯಲ್ಲಿ ಹೇಳು."