ಇ-ಬರ್ಡ್ ಆ್ಯಪ್: ಕಾಗೆಯನ್ನೂ ಬರೆಯಿರಿ

ಆರು ವರ್ಷದಿಂದ ಮೈಸೂರಿನ ಕುಕ್ಕರಹಳ್ಳಿ ಕೆರೆಯಲ್ಲಿ ಹಕ್ಕಿ ನೋಡಿ ಈ ಆ್ಯಪ್‌ನಲ್ಲಿ ಬರೆಯುತ್ತಿದ್ದೇನೆ. ದುಡ್ಡು ಕೊಡಬೇಕಿಲ್ಲ. ನಡೆದ ದೂರ, ಹಿಡಿದ ಸಮಯ ಎಲ್ಲ ಅದೇ ಲೆಕ್ಕ ಇಡುತ್ತದೆ.

ನನಗೆ ತುಂಬಾ ಹಿಡಿಸಿದ್ದು ಕೊನೆಯಲ್ಲಿ ಅದು ಕೇಳುವ ಪ್ರಶ್ನೆ: ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆದಿದ್ದೀರಾ? ಮೊದಮೊದಲು ನಾನು ಹೆಜ್ಜಾರ್ಲೆ, ಮಿಂಚುಳ್ಳಿ ಅಷ್ಟೇ ಬರೆಯುತ್ತಿದ್ದೆ. ತಲೆ ಮೇಲೇ ಕೂಗುತ್ತಿದ್ದ ಕಾಗೆ, ಗೊರವಂಕಗಳನ್ನು ಬಿಟ್ಟುಬಿಡುತ್ತಿದ್ದೆ. ಆವತ್ತು ಕಾಗೆ ಇರಲಿಲ್ಲವೋ, ನಾನು ಬರೆಯಲಿಲ್ಲವೋ ಅಂತ ಮುಂದೆ ಈ ಪಟ್ಟಿಗಳಿಂದ ಹಕ್ಕಿಗಳ ಲೆಕ್ಕ ಹಾಕುವವರಿಗೆ ಹೇಗೆ ಗೊತ್ತಾಗಬೇಕು, ಅಲ್ವಾ?

ಆದರೆ ಎಲ್ಲಿಗೆ, ಯಾವಾಗ ಹೋಗುತ್ತೇವೆ ಅನ್ನೋದು ನಮ್ಮ ಕೈಲೇ ಇದೆ. ನನ್ನ ಹಳೇ ಪಟ್ಟಿಗಳನ್ನು ತೆಗೆದು ನೋಡಿದೆ. ಜಾಸ್ತಿ ಎಲ್ಲ ಭಾನುವಾರ ಬೆಳಗ್ಗೆ, ಅದೇ ಏರಿ. ಗೂಬೆ ಒಂದೂ ಇಲ್ಲ. ಊರಾಚೆಯ ರಾಗಿ ಹೊಲದ ಹಕ್ಕಿಗಳೂ ಇಲ್ಲ. ಹೀಗಾಗಬಾರದು ಅಂತ ಕೇರಳದ ಹಕ್ಕಿ ವೀಕ್ಷಕರು 2015ರಿಂದ 2020ರವರೆಗೆ ರಾಜ್ಯವನ್ನು ಚೌಕ ಚೌಕವಾಗಿ ಮಾಡಿ, ಚೀಟಿ ಎತ್ತಿದ ಹಾಗೆ ಜಾಗ ಆರಿಸಿ, ಅಲ್ಲಿಗೇ ಹೋಗಿ ಎಣಿಸಿದರು. ಅವರು ಬರೆದಿಟ್ಟಿದ್ದೂ ಇ-ಬರ್ಡ್‌ನಲ್ಲೇ.

ಈಗ ನಾನೂ ತಿಂಗಳಿಗೊಮ್ಮೆ ಹೊಲದ ಕಡೆ ಹೋಗುತ್ತೇನೆ. ಮೊನ್ನೆ 15 ನಿಮಿಷದಲ್ಲಿ ನಾಲ್ಕು ನೆಲಗುಬ್ಬಿ ಸಿಕ್ಕವು. ಹೆಂಟೆ ಮಣ್ಣಿನ ಬಣ್ಣವೇ ಅವಕ್ಕೆ, ಅಲ್ಲಾಡುವವರೆಗೂ ಕಾಣಲಿಲ್ಲ.